ಚಾನೆಲ್ಲೋ, ಥ್ರೆಡ್ಡೋ, ಡಿಎಮ್ಮೋ: ಆಫೀಸಿನ ಮೆಸೇಜ್ ಎಲ್ಲಿ ಹಾಕಬೇಕು?

ಹೊಸ ಕೆಲಸಕ್ಕೆ ಸೇರಿದ ದಿನ ಲ್ಯಾಪ್‌ಟಾಪ್ ಕೊಡುತ್ತಾರೆ, ಐಡಿ ಕಾರ್ಡ್ ಕೊಡುತ್ತಾರೆ, ಸ್ಲ್ಯಾಕ್ ಅಥವಾ ಮೈಕ್ರೋಸಾಫ್ಟ್ ಟೀಮ್ಸ್ ಎಂಬ ಆಫೀಸ್ ಚಾಟ್ ಆ್ಯಪ್‌ಗೆ ಲಾಗಿನ್ ಕೊಡುತ್ತಾರೆ. ಅದರಲ್ಲಿ ಯಾವ ಮಾತನ್ನು ಎಲ್ಲಿ ಬರೆಯಬೇಕು ಅಂತ ಮಾತ್ರ ಸಾಮಾನ್ಯವಾಗಿ ಯಾರೂ ಹೇಳಿಕೊಡುವುದಿಲ್ಲ. ಬರೀ ಐಟಿ ಕಂಪನಿಗಳ ಮಾತಲ್ಲ ಇದು. ವಾಟ್ಸಾಪ್ ಗ್ರೂಪಿನಲ್ಲೇ ಎಲ್ಲ ನಡೆಸುತ್ತಿದ್ದ ಕಾಲೇಜು, ಆಸ್ಪತ್ರೆ, ಆಡಿಟರ್ ಆಫೀಸುಗಳೂ ಇಂಥ ಆ್ಯಪ್‌ಗಳಿಗೆ ಬರುತ್ತಿವೆ. ಬಂದವರು ತೆರೆದು ನೋಡಿದರೆ ಎಡಗಡೆ ಉದ್ದಕ್ಕೂ ಚಾನೆಲ್‌ಗಳ ಹೆಸರು, ಅದರ ಕೆಳಗೆ ಜನರ ಹೆಸರು, ಮೆಸೇಜಿನ ಪಕ್ಕದಲ್ಲಿ ರಿಪ್ಲೈ ಅಂತ ಒಂದು ಗುಂಡಿ, ಮೇಲೆ ಫೋನಿನ ಚಿತ್ರ. ವಾಟ್ಸಾಪಿನಲ್ಲಿ ಹೆಚ್ಚಾಗಿ ಎರಡೇ ದಾರಿ, ಒಬ್ಬರಿಗೆ ಅಥವಾ ಗ್ರೂಪಿಗೆ; ಇಲ್ಲಿ ಐದಾರು. ಗಲಿಬಿಲಿ ಆಗುವುದು ಸಹಜ ಅಲ್ವಾ?

ಒಂದು ಪ್ರಶ್ನೆ ಮನಸ್ಸಿನಲ್ಲಿದ್ದರೆ ಇದು ಬಹಳ ಸುಲಭವಾಗುತ್ತದೆ. ಈ ಮಾತು ಈಗ ಯಾರಿಗೆ ಬೇಕು, ಮತ್ತು ಆರು ತಿಂಗಳಾದ ಮೇಲೆ ಯಾರಿಗೆ ಬೇಕಾಗಬಹುದು? ಮೊದಲನೆಯ ಅರ್ಧ ಎಲ್ಲರಿಗೂ ಹೊಳೆಯುತ್ತದೆ. ಎರಡನೆಯ ಅರ್ಧವನ್ನು ಮರೆಯುತ್ತೇವೆ. ಅಲ್ಲಿಂದಲೇ ತೊಂದರೆ ಶುರುವಾಗುವುದು.

## ಇವು ವಾಟ್ಸಾಪಿನ ತರಹ ಯಾಕಿಲ್ಲ?

ಚಾನೆಲ್ ಹೆಸರಿನ ಮೊದಲು # ಗುರುತು ಹಾಕುವ ಪದ್ಧತಿ ಹಳೆಯದು. 1988ರಲ್ಲಿ ಫಿನ್‌ಲ್ಯಾಂಡಿನಲ್ಲಿ ಯಾರ್ಕೋ ಓಯ್ಕರಿನೆನ್ ಎಂಬ ವಿದ್ಯಾರ್ಥಿ ಐಆರ್‌ಸಿ ಅನ್ನುವ ಚಾಟ್ ವ್ಯವಸ್ಥೆ ಮಾಡಿದ. ಅದರಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಚಾನೆಲ್ ಇರುತ್ತಿತ್ತು. ಬೇಕಾದವರು ಒಳಗೆ ಬರಬಹುದಿತ್ತು, ಬೇಡವಾದರೆ ಹೋಗಬಹುದಿತ್ತು. ಸಾಫ್ಟ್‌ವೇರ್ ಬರೆಯುವವರು ವರ್ಷಗಟ್ಟಲೆ ಅದನ್ನೇ ಬಳಸಿದರು.

ಸ್ಲ್ಯಾಕ್ ಹುಟ್ಟಿದ್ದು ಅದೇ ಅಭ್ಯಾಸದಿಂದ. ಸ್ಟೂವರ್ಟ್ ಬಟರ್‌ಫೀಲ್ಡ್ ಮತ್ತು ಗೆಳೆಯರು ಗ್ಲಿಚ್ ಎಂಬ ಆನ್‌ಲೈನ್ ಆಟ ಮಾಡುತ್ತಿದ್ದರು. ಆಟ ನಡೆಯಲಿಲ್ಲ, 2012ರಲ್ಲಿ ಮುಚ್ಚಿದರು. ಆದರೆ ಬೇರೆ ಬೇರೆ ಊರಿನಲ್ಲಿ ಕೂತು ಕೆಲಸ ಮಾಡಲು ಅವರೇ ಕಟ್ಟಿಕೊಂಡಿದ್ದ ಚಾಟ್ ಸಾಧನ ಉಳಿದಿತ್ತು. ಅದನ್ನೇ ತಿದ್ದಿ 2014ರಲ್ಲಿ ಎಲ್ಲರಿಗೂ ಬಿಟ್ಟರು. ಮೈಕ್ರೋಸಾಫ್ಟ್ ತನ್ನ ಟೀಮ್ಸ್ ಅನ್ನು 2017ರಲ್ಲಿ ತಂದಿತು. ಗೂಗಲ್ ಚಾಟ್‌ನಲ್ಲಿ ಇದೇ ಚಾನೆಲ್ಲಿನಂಥದ್ದಕ್ಕೆ ಸ್ಪೇಸ್ ಅನ್ನುತ್ತಾರೆ.

ಈ ಹುಟ್ಟಿನಲ್ಲೇ ಒಂದು ಉದ್ದೇಶ ಅಡಗಿದೆ. ವಾಟ್ಸಾಪ್ ಮಾಡಿರುವುದು ಜನರನ್ನು ಜನರಿಗೆ ಸೇರಿಸಲು. ಸ್ಲ್ಯಾಕ್, ಟೀಮ್ಸ್ ಮಾಡಿರುವುದು ಜನರನ್ನು ಕೆಲಸದ ವಿಷಯಕ್ಕೆ ಸೇರಿಸಲು. ವಾಟ್ಸಾಪ್ ಗ್ರೂಪಿಗೆ ಹೊಸಬರನ್ನು ಸೇರಿಸಿದರೆ ಹಿಂದೆ ಆಡಿದ ಮಾತೆಲ್ಲ ಅವರಿಗೆ ತಾನಾಗಿ ಸಿಗುವುದಿಲ್ಲ. ಸ್ಲ್ಯಾಕ್ ಚಾನೆಲ್ಲಿಗೆ ಇವತ್ತು ಸೇರಿದವರು ಅಲ್ಲಿ ಉಳಿಸಿಟ್ಟಿರುವ ಹಳೆಯ ಮಾತನ್ನೂ ಓದಬಹುದು. ನೋಡಲು ಚಿಕ್ಕ ವ್ಯತ್ಯಾಸ, ಆದರೆ ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದು ಬಹುಪಾಲು ಇದರ ಮೇಲೇ ನಿಂತಿದೆ.

## ಚಾನೆಲ್: ವಿಷಯಕ್ಕೊಂದು ಜಾಗ

ಒಂದು ಪ್ರಾಜೆಕ್ಟಿಗೆ ಒಂದು ಚಾನೆಲ್, ಐಟಿ ಸಹಾಯಕ್ಕೆ ಒಂದು, ರಜೆ ಮತ್ತು ಸಂಬಳದ ಪ್ರಶ್ನೆಗೆ ಒಂದು, ಊಟ-ಕ್ರಿಕೆಟ್ ಮಾತಿಗೂ ಒಂದು. ಚಾನೆಲ್‌ಗಳಲ್ಲಿ ಎರಡು ಬಗೆ. ಸಾರ್ವಜನಿಕ ಚಾನೆಲ್ ಅಂದರೆ ಕಂಪನಿಯಲ್ಲಿ ಇರುವವರು ಯಾರು ಬೇಕಾದರೂ ಸೇರಬಹುದು, ಸ್ಲ್ಯಾಕಿನಲ್ಲಾದರೆ ಸೇರದೆಯೂ ಹುಡುಕಿ ಓದಬಹುದು. ಖಾಸಗಿ ಚಾನೆಲ್ ಅಂದರೆ ಕರೆದವರಿಗೆ ಮಾತ್ರ. ಟೀಮ್ಸ್‌ನಲ್ಲಿ ಮೊದಲು ಟೀಮ್, ಅದರೊಳಗೆ ಚಾನೆಲ್‌ಗಳು. ಮಾಮೂಲಿ ಚಾನೆಲ್ ಆ ಟೀಮಿನ ಎಲ್ಲರಿಗೂ ಕಾಣುತ್ತದೆ.

ಒಂದು ಉದಾಹರಣೆ ನೋಡೋಣ. ಮನೆಯಿಂದ ಕೆಲಸ ಮಾಡುತ್ತಿದ್ದೀರಿ, ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಸೇರುವ ದಾರಿ) ಕನೆಕ್ಟ್ ಆಗುತ್ತಿಲ್ಲ. ಸೀನಿಯರ್ ಒಬ್ಬರು ಒಳ್ಳೆಯವರು, ಅವರಿಗೆ ನೇರವಾಗಿ ಮೆಸೇಜ್ ಮಾಡುತ್ತೀರಿ. ಅವರು ಮೀಟಿಂಗಿನಲ್ಲಿದ್ದಾರೆ, ಮುಕ್ಕಾಲು ಗಂಟೆ ಕಾಯುತ್ತೀರಿ, ಆಮೇಲೆ ಅವರು ಸರ್ಟಿಫಿಕೇಟ್ ಹಳೆಯದಾಗಿದೆ, ಇಲ್ಲಿ ಹೋಗಿ ಹೊಸದು ಹಾಕಿಕೊಳ್ಳಿ ಅನ್ನುತ್ತಾರೆ. ನಿಮ್ಮ ಕೆಲಸ ಆಯಿತು. ಮುಂದಿನ ವಾರ ಇನ್ನೊಬ್ಬರಿಗೆ ಅದೇ ತೊಂದರೆ. ಅವರೂ ಅದೇ ಸೀನಿಯರನ್ನು ಕೇಳುತ್ತಾರೆ, ಅವರು ಅದೇ ಉತ್ತರವನ್ನು ಮತ್ತೆ ಟೈಪ್ ಮಾಡುತ್ತಾರೆ.

ಇದೇ ಪ್ರಶ್ನೆಯನ್ನು ಐಟಿ ಸಹಾಯದ ಚಾನೆಲ್ಲಿನಲ್ಲಿ ಹಾಕಿದ್ದರೆ? ಆ ಹೊತ್ತಿಗೆ ಬಿಡುವಾಗಿರುವ ಯಾರಾದರೂ ಉತ್ತರ ಕೊಡುತ್ತಿದ್ದರು, ಆ ಸೀನಿಯರೇ ಬೇಕು ಅಂತೇನೂ ಇರಲಿಲ್ಲ. ಉತ್ತರ ತಪ್ಪಿದ್ದರೆ ಇನ್ನೊಬ್ಬರು ತಿದ್ದುತ್ತಿದ್ದರು. ಮುಂದಿನ ವಾರದವರು ವಿಪಿಎನ್ ಅಂತ ಹುಡುಕಿದರೆ ಉತ್ತರ ಅಲ್ಲೇ ಸಿಗುತ್ತಿತ್ತು. ಸೀನಿಯರ್ ಕೆಲಸ ಬಿಟ್ಟು ಹೋದರೂ ಅವರ ಉತ್ತರ ಉಳಿಯುತ್ತಿತ್ತು.

ಹಾಗಾದರೆ ಜನ ಚಾನೆಲ್ಲಿನಲ್ಲಿ ಯಾಕೆ ಕೇಳುವುದಿಲ್ಲ? ಭಯ. ಇಷ್ಟು ಜನರ ಮುಂದೆ ದಡ್ಡ ಪ್ರಶ್ನೆ ಕೇಳಿದ ಹಾಗೆ ಆಗುತ್ತದೆ, ಮ್ಯಾನೇಜರ್ ನೋಡುತ್ತಾರೆ, ಇಂಗ್ಲಿಷ್ ತಪ್ಪಾದರೆ ಏನಂದುಕೊಳ್ಳುತ್ತಾರೋ. ಸಣ್ಣ ಊರಿನಿಂದ, ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಈ ಅಂಜಿಕೆ ಜಾಸ್ತಿ, ಅದು ಅರ್ಥವಾಗುವಂಥದ್ದೇ. ಅವರಿಗೆ ಹೇಳಬೇಕಾದದ್ದು ಇಷ್ಟು: ಹೊಸಬರ ಪ್ರಶ್ನೆಗೆ ಯಾರೂ ವ್ಯಾಕರಣ ನೋಡುವುದಿಲ್ಲ, ತೊಂದರೆ ಏನು ಅಂತ ನೋಡುತ್ತಾರೆ. ಮೊದಲ ಕೆಲವು ವಾರ ಪ್ರಶ್ನೆ ಕೇಳದೆ ಸುಮ್ನೆ ಕೂತವರ ಬಗ್ಗೆಯೇ ಟೀಮ್ ಲೀಡ್‌ಗಳಿಗೆ ಚಿಂತೆ ಆಗುವುದು. ಮತ್ತು ಟೀಮಿನ ಹಿರಿಯರು ತಾವೇ ಚಾನೆಲ್ಲಿನಲ್ಲಿ ಸಣ್ಣ ಪುಟ್ಟ ಪ್ರಶ್ನೆ ಕೇಳತೊಡಗಿದರೆ ಕಿರಿಯರ ಹೆದರಿಕೆ ತಾನಾಗಿ ಇಳಿಯುತ್ತದೆ. ಇದು ಹಿರಿಯರು ಮಾಡಬೇಕಾದ ಕೆಲಸ.

## ಥ್ರೆಡ್: ಒಂದು ಮೆಸೇಜಿನ ಕೆಳಗಿನ ಮಾತುಕತೆ

ಚಾನೆಲ್ಲಿನಲ್ಲಿ ಒಬ್ಬರು ಒಂದು ವಿಷಯ ಹಾಕಿದರು ಅನ್ನಿ. ಅದಕ್ಕೆ ಉತ್ತರವನ್ನು ಹೊಸ ಮೆಸೇಜಾಗಿ ಹಾಕದೆ ಅದರ ಅಡಿಯಲ್ಲೇ ಬರೆಯುವುದು ಥ್ರೆಡ್. ಸ್ಲ್ಯಾಕಿಗೂ ಇದು ಮೊದಲಿನಿಂದ ಇರಲಿಲ್ಲ, 2017ರ ಜನವರಿಯಲ್ಲಿ ಬಂತು. ಅದಕ್ಕೆ ಮುಂಚೆ ಒಂದೇ ಚಾನೆಲ್ಲಿನಲ್ಲಿ ಮೂರು ವಿಷಯ ಒಟ್ಟಿಗೆ ಹರಿಯುತ್ತಿತ್ತು. ಯಾರು ಯಾವುದಕ್ಕೆ 'ಹೌದು' ಅಂದರು ಅಂತ ಕಂಡುಹಿಡಿಯುವುದೇ ಒಂದು ಕೆಲಸವಾಗಿತ್ತು.

ಥ್ರೆಡ್ಡಿನ ದೊಡ್ಡ ಉಪಯೋಗ ಇರುವುದು ನೋಟಿಫಿಕೇಷನ್ನಿನಲ್ಲಿ. ಸ್ಲ್ಯಾಕಿನಲ್ಲಿ ಥ್ರೆಡ್ ಉತ್ತರದ ಸುದ್ದಿ ಮುಟ್ಟುವುದು ಆ ಮೆಸೇಜ್ ಹಾಕಿದವರಿಗೆ, ಅಲ್ಲಿ ಈಗಾಗಲೇ ಬರೆದವರಿಗೆ, ಹೆಸರಿಟ್ಟು ಕರೆದವರಿಗೆ ಮತ್ತು ಅದನ್ನು ಫಾಲೋ ಮಾಡಿದವರಿಗೆ. ಇನ್ನುಳಿದವರಿಗೆ ಕಿರಿಕಿರಿ ಇಲ್ಲ, ಆದರೆ ಬೇಕೆಂದಾಗ ತೆರೆದು ಓದಬಹುದು.

ಇದರಲ್ಲೇ ಒಂದು ಅಪಾಯವೂ ಇದೆ. ಐವತ್ತು ಉತ್ತರಗಳ ಥ್ರೆಡ್ಡಿನ ಒಳಗೆ, ಕೊನೆಯಲ್ಲಿ, 'ಸರಿ, ಹಾಗಾದರೆ ರಿಲೀಸ್ ಸೋಮವಾರಕ್ಕೆ ಹೋಗಲಿ' ಅಂತ ತೀರ್ಮಾನ ಆಗುತ್ತದೆ. ಥ್ರೆಡ್ಡಿನಲ್ಲಿ ಇಲ್ಲದವರಿಗೆ ಅದು ಗೊತ್ತೇ ಆಗುವುದಿಲ್ಲ. ಟೆಸ್ಟಿಂಗ್ ಮಾಡುವವರು ಶುಕ್ರವಾರ ರಾತ್ರಿ ಕೂತು ಕೆಲಸ ಮುಗಿಸುತ್ತಾರೆ. ಇದಕ್ಕೆ ಸ್ಲ್ಯಾಕಿನಲ್ಲಿ ಉಪಾಯ ಇದೆ: ಥ್ರೆಡ್ಡಿನಲ್ಲಿ ಬರೆಯುವಾಗ ಕೆಳಗೆ ಒಂದು ಚೌಕ ಕಾಣುತ್ತದೆ, ಅದಕ್ಕೆ ಟಿಕ್ ಹಾಕಿದರೆ ಆ ಉತ್ತರ ಚಾನೆಲ್ಲಿನಲ್ಲೂ ಕಾಣುತ್ತದೆ. ಚರ್ಚೆ ಥ್ರೆಡ್ಡಿನಲ್ಲಿ, ತೀರ್ಮಾನ ಚಾನೆಲ್ಲಿನಲ್ಲಿ. ಈ ಒಂದು ಅಭ್ಯಾಸ ಇಡೀ ಟೀಮಿಗೆ ಬಂದರೆ ಎಷ್ಟೋ ಗೊಂದಲ ತಪ್ಪುತ್ತದೆ.

ಟೀಮ್ಸ್ ಬಳಸುವವರು ಒಂದು ನೋಡಿಕೊಳ್ಳಬೇಕು. ಅಲ್ಲಿ ಚಾನೆಲ್ಲಿನಲ್ಲಿ ಹೊಸ ಪೋಸ್ಟ್ ಶುರು ಮಾಡುವುದು ಬೇರೆ, ಇರುವ ಪೋಸ್ಟಿಗೆ ರಿಪ್ಲೈ ಮಾಡುವುದು ಬೇರೆ. ಉತ್ತರ ಕೊಡಲು ಹೋಗಿ ಹೊಸ ಪೋಸ್ಟ್ ಹಾಕುವವರು ಬಹಳ. 'ಆಯ್ತು, ಮಾಡ್ತೀನಿ' ಅನ್ನುವ ಪೋಸ್ಟ್ ಒಂಟಿಯಾಗಿ ನಿಂತಿರುತ್ತದೆ, ಏನು ಮಾಡುತ್ತಾರೆ ಅಂತ ಯಾರಿಗೂ ತಿಳಿಯುವುದಿಲ್ಲ.

## ಡಿಎಂ: ಇಬ್ಬರ ನಡುವಿನ ಮಾತು

ಡಿಎಂ (ಡೈರೆಕ್ಟ್ ಮೆಸೇಜ್) ಅಂದರೆ ಒಬ್ಬರಿಗೆ ನೇರವಾಗಿ ಕಳಿಸುವ ಮೆಸೇಜ್. ಟೀಮ್ಸ್‌ನಲ್ಲಿ ಬರೀ ಚಾಟ್ ಅನ್ನುತ್ತಾರೆ. ಇದು ಬೇಡವೇ ಬೇಡ ಅಂತಲ್ಲ. ಅಮ್ಮನಿಗೆ ಆಪರೇಷನ್ ಇದೆ ರಜೆ ಬೇಕು ಅಂತ ಮ್ಯಾನೇಜರ್‌ಗೆ ಹೇಳುವುದು, ಒಬ್ಬರ ಕೆಲಸದಲ್ಲಿ ಆದ ತಪ್ಪನ್ನು ಅವರಿಗೆ ಮಾತ್ರ ತಿಳಿಸುವುದು, 'ಊಟಕ್ಕೆ ಬರ್ತೀರಾ' ಅಂತ ಕೇಳುವುದು, ಇವಕ್ಕೆಲ್ಲ ಡಿಎಂ ಸರಿಯಾದ ಜಾಗ. ತಪ್ಪು ತೋರಿಸುವುದು ಒಬ್ಬರಿಗೇ, ಹೊಗಳುವುದು ಎಲ್ಲರ ಮುಂದೆ. ಇದನ್ನು ಪಾಲಿಸುವ ಮ್ಯಾನೇಜರ್‌ಗಳ ಕೈಕೆಳಗೆ ಜನ ನೆಮ್ಮದಿಯಾಗಿರುತ್ತಾರೆ.

ತೊಂದರೆ ಬರುವುದು ಕೆಲಸದ ತೀರ್ಮಾನಗಳು ಡಿಎಂನಲ್ಲಿ ಆದಾಗ. ಸ್ಲ್ಯಾಕಿನಲ್ಲಿ ಒಂದು ಗ್ರೂಪ್ ಡಿಎಂನಲ್ಲಿ ನಿಮ್ಮನ್ನು ಸೇರಿಸಿ 9 ಜನ ಇರಬಹುದು. ಟೀಮ್ಸ್‌ನ ಗ್ರೂಪ್ ಚಾಟ್‌ನಲ್ಲಿ 250 ಜನರ ತನಕ ಹಿಡಿಸುತ್ತದೆ. ಹಿಡಿಸುತ್ತದೆ ಅಂತ ಅಲ್ಲೇ ಪ್ರಾಜೆಕ್ಟ್ ನಡೆಸಿದರೆ ಹೊರಗಿನವರು ಯಾರೂ ಅದನ್ನು ಹುಡುಕಲಾರರು. ಹೊಸದಾಗಿ ಸೇರಿದವರಿಗೆ ಹಿಂದಿನದು ಗೊತ್ತಾಗಬೇಕಾದರೆ ಸೇರಿಸುವವರು ನೆನಪಿಟ್ಟು ಹಳೆಯ ಮಾತನ್ನೂ ತೋರಿಸುವ ಆಯ್ಕೆ ಕೊಡಬೇಕು. ಸ್ಲ್ಯಾಕಿನಲ್ಲಿ ಗ್ರೂಪ್ ಡಿಎಂ ಬೆಳೆಯುತ್ತಾ ಹೋಯಿತು ಅನ್ನಿಸಿದರೆ ಅದನ್ನು ಖಾಸಗಿ ಚಾನೆಲ್ ಆಗಿ ಬದಲಾಯಿಸಬಹುದು. ಆಗ ಅದಕ್ಕೊಂದು ಹೆಸರು ಬರುತ್ತದೆ.

ಫೈಲುಗಳ ವಿಷಯ ಇನ್ನೂ ಮುಖ್ಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಟೀಮ್ಸ್‌ನಲ್ಲಿ ಚಾನೆಲ್ಲಿಗೆ ಹಾಕಿದ ಫೈಲು ಆ ಟೀಮಿನ ಶೇರ್‌ಪಾಯಿಂಟ್ ಎಂಬ ಹಂಚಿಕೆಯ ಫೈಲ್ ಜಾಗದಲ್ಲಿ ಕೂರುತ್ತದೆ, ಅಂದರೆ ಟೀಮಿನ ಆಸ್ತಿ. ಚಾಟ್‌ನಲ್ಲಿ ಹಾಕಿದ ಫೈಲು ಕಳಿಸಿದವರ ಸ್ವಂತ ಒನ್‌ಡ್ರೈವ್‌ನಲ್ಲಿ, ಅಂದರೆ ಅವರೊಬ್ಬರ ಅಕೌಂಟಿನ ಆನ್‌ಲೈನ್ ಫೈಲ್ ಜಾಗದಲ್ಲಿ ಕೂರುತ್ತದೆ. ಅವರು ಕೆಲಸ ಬಿಟ್ಟು ಅವರ ಅಕೌಂಟ್ ಅಳಿಸಿದರೆ, ಕಂಪನಿ ಬೇರೆ ವ್ಯವಸ್ಥೆ ಮಾಡಿರದಿದ್ದರೆ, ಆ ಒನ್‌ಡ್ರೈವ್ 30 ದಿನ ಇದ್ದು ಆಮೇಲೆ ಹೋಗುತ್ತದೆ. ಮಾರ್ಚಿನ ಕೊನೆಯಲ್ಲಿ ಲೆಕ್ಕ ಮುಗಿಸುವಾಗ ಬೇಕಾದ ಎಕ್ಸೆಲ್ ಶೀಟು, ಅಕ್ಟೋಬರಿನಲ್ಲಿ ಬಿಟ್ಟು ಹೋದವರು ಚಾಟ್‌ನಲ್ಲಿ ಕಳಿಸಿದ್ದಾಗಿದ್ದರೆ ಏನಾಗುತ್ತದೆ ಯೋಚಿಸಿ. ಹತ್ತು ಜನಕ್ಕೆ ಬೇಕಾಗುವ ಫೈಲನ್ನು ಚಾನೆಲ್ಲಿಗೇ ಹಾಕಬೇಕು.

ಇನ್ನೊಂದು ಮಾತು. ಡಿಎಂ ಅಂದ ಮಾತ್ರಕ್ಕೆ ಅದು ಪೂರ್ತಿ ಗುಟ್ಟು ಅಲ್ಲ. ಅಕೌಂಟ್ ಕಂಪನಿಯದು. ತನಿಖೆ, ಕೋರ್ಟು ವ್ಯವಹಾರ ಬಂದಾಗ ಅದನ್ನು ತೆಗೆದು ನೋಡುವ ದಾರಿಗಳು ಸಂಸ್ಥೆಗಳಿಗೆ ಇರುತ್ತವೆ. ಮನೆಯ ಕಷ್ಟ, ಸಹೋದ್ಯೋಗಿಯ ಮೇಲಿನ ಸಿಟ್ಟು, ಬೇರೆ ಕಡೆ ಇಂಟರ್‌ವ್ಯೂ ಕೊಟ್ಟ ಸುದ್ದಿ ಇವೆಲ್ಲ ಆಫೀಸಿನ ಆ್ಯಪ್ ಮೇಲೆ ಬರಬಾರದು.

## @ ಹಾಕಿ ಕರೆಯುವುದು

ಒಬ್ಬರ ಹೆಸರಿನ ಮೊದಲು @ ಹಾಕಿದರೆ ಅವರಿಗೆ ಸದ್ದು ಹೋಗುತ್ತದೆ. ಇದು ಸರಳ. ಎಲ್ಲರನ್ನೂ ಒಟ್ಟಿಗೆ ಕರೆಯುವ ಪದಗಳಲ್ಲಿ ಎಚ್ಚರ ಬೇಕು. ಸ್ಲ್ಯಾಕಿನಲ್ಲಿ @ಹಿಯರ್ ಅಂದರೆ ಚಾನೆಲ್ಲಿನಲ್ಲಿ ಈಗ ಆನ್‌ಲೈನ್ ಇರುವವರಿಗೆ. @ಚಾನೆಲ್ ಅಂದರೆ ಆನ್‌ಲೈನ್ ಇರಲಿ ಬಿಡಲಿ ಆ ಚಾನೆಲ್ಲಿನ ಎಲ್ಲರಿಗೂ. @ಎವ್ರಿಒನ್ ಅಂದರೆ ಇಡೀ ಸಂಸ್ಥೆ ಇರುವ ಸಾಮಾನ್ಯ ಚಾನೆಲ್ಲಿನ ಎಲ್ಲರಿಗೂ. ಟೀಮ್ಸ್‌ನಲ್ಲಿ ಟೀಮಿನ ಅಥವಾ ಚಾನೆಲ್ಲಿನ ಹೆಸರಿನ ಮೊದಲು @ ಹಾಕುತ್ತಾರೆ.

ಮದುವೆ ಛತ್ರದ ಮೈಕ್ ಇದ್ದ ಹಾಗೆ ಇದು. ಗೇಟಿಗೆ ಅಡ್ಡ ನಿಂತ ಕಾರು ತೆಗೆಯಿರಿ ಅಂತ ಕೂಗಿದರೆ ಸರಿ, ಯಾರದು ಅಂತ ಗೊತ್ತಿಲ್ಲವಲ್ಲ. ಕಾರಿನ ಓನರ್ ಪಕ್ಕದಲ್ಲೇ ಕೂತಿರುವಾಗ ಮೈಕ್ ಹಿಡಿದರೆ ಊಟ ಮಾಡುತ್ತಿರುವವರೆಲ್ಲ ಸುಮ್ಮನೆ ತಲೆ ಎತ್ತಬೇಕಾಗುತ್ತದೆ. ಸರ್ವರ್ ಡೌನ್ ಆಗಿದೆ ಯಾರೂ ಹೊಸ ಕೋಡ್ ಹಾಕಬೇಡಿ ಅನ್ನುವುದಕ್ಕೆ ಎಲ್ಲರನ್ನೂ ಕರೆಯಿರಿ. ಬಿಟ್ಟುಹೋದ ನೀರಿನ ಬಾಟಲಿ ಹುಡುಕಲು ಬೇಡ.

ಟೀಮ್ಸ್‌ನ ಚಾಟ್‌ನಲ್ಲಿ ಅರ್ಜೆಂಟ್ ಅಂತ ಗುರುತು ಹಾಕಿ ಕಳಿಸುವ ಸೌಲಭ್ಯವೂ ಇದೆ. ಓದುವ ತನಕ ಪ್ರತಿ 2 ನಿಮಿಷಕ್ಕೊಮ್ಮೆ, ಒಟ್ಟು 20 ನಿಮಿಷ, ಅದು ಅವರನ್ನು ಕರೆಯುತ್ತಲೇ ಇರುತ್ತದೆ. ನಿಜವಾಗಿ ಬೆಂಕಿ ಬಿದ್ದಾಗ ಮಾತ್ರ ಇದನ್ನು ಮುಟ್ಟಬೇಕು. ದಿನಾ ಬಳಸಿದರೆ ನಿಮ್ಮ ಅರ್ಜೆಂಟಿಗೆ ಬೆಲೆ ಹೋಗುತ್ತದೆ.

## ಬರೆಯುವುದು ನಿಲ್ಲಿಸಿ ಮಾತಾಡುವುದು ಯಾವಾಗ?

ಒಂದೇ ವಿಷಯಕ್ಕೆ ಮೂರು ನಾಲ್ಕು ಸಲ ಆ ಕಡೆ ಈ ಕಡೆ ಮೆಸೇಜ್ ಹೋಗಿಯೂ ಒಬ್ಬರಿಗೊಬ್ಬರು ಅರ್ಥವಾಗುತ್ತಿಲ್ಲ ಅಂದರೆ ಕಾಲ್ ಮಾಡುವ ಹೊತ್ತು ಬಂತು ಅಂತ. ಸ್ಲ್ಯಾಕಿನಲ್ಲಿ 2021ರಲ್ಲಿ ಬಂದ ಹಡಲ್ ಇದಕ್ಕೇ ಇರುವುದು. ಮೀಟಿಂಗ್ ಇನ್ವೈಟ್ ಬೇಡ, ಒಂದು ಗುಂಡಿ ಒತ್ತಿ ಐದು ನಿಮಿಷ ಮಾತಾಡಿ ಮುಗಿಸಬಹುದು.

ಸಿಟ್ಟು ಬಂದಾಗ ಮತ್ತು ಬೇಸರದ ಸುದ್ದಿ ಹೇಳುವಾಗ ಅಕ್ಷರ ಸಾಲದು. 'ಇದನ್ನು ನೀವು ನೋಡಿದ್ರಾ?' ಅನ್ನುವ ಸಾಲನ್ನು ಅಕ್ಕರೆಯಿಂದಲೂ ಓದಬಹುದು, ಗದರಿಸಿದಂತೆಯೂ ಓದಬಹುದು. ಮೊದಲೇ ಮನಸ್ಸು ಕೆಟ್ಟಿರುವವರು ಎರಡನೆಯದನ್ನೇ ಓದುತ್ತಾರೆ. ಕಾಲ್ ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ: ಏನು ತೀರ್ಮಾನ ಆಯಿತು ಅಂತ ಎರಡು ಸಾಲು ಆ ಥ್ರೆಡ್ಡಿನಲ್ಲಿ ಬರೆಯುವುದು. ಇಲ್ಲದಿದ್ದರೆ ಆ ಐದು ನಿಮಿಷದ ಮಾತು ಇಬ್ಬರ ತಲೆಯಲ್ಲೇ ಉಳಿಯುತ್ತದೆ.

## ಇಮೇಲ್ ಇನ್ನೂ ಬೇಕಾ?

ಬೇಕು. ಕಂಪನಿಯ ಹೊರಗಿನ ಗ್ರಾಹಕರು, ವೆಂಡರ್‌ಗಳ ಜೊತೆ ವ್ಯವಹಾರ, ರಾಜೀನಾಮೆ, ಸಂಬಳದ ಪತ್ರ, ಒಪ್ಪಂದ, ಎಚ್‌ಆರ್‌ಗೆ ಕೊಡುವ ದೂರು, ಇವುಗಳ ದಾಖಲೆ ನಿಮ್ಮ ಕೈಗೂ ಸಿಗುವಂತೆ ಇರಬೇಕು. ಅದಕ್ಕೆ ಇಮೇಲೇ ಸರಿ. ರಜೆಯನ್ನು ಚಾಟ್‌ನಲ್ಲಿ ಹೇಳಿದ್ದರೂ ಕಂಪನಿಯ ರಜೆ ಪೋರ್ಟಲ್ಲಿನಲ್ಲಿ ಹಾಕದಿದ್ದರೆ ಲೆಕ್ಕಕ್ಕೆ ಬರದೇ ಹೋಗಬಹುದು.

## 'ಹಾಯ್ ಸರ್' ಅಂತ ಬರೆದು ಕಾಯುವುದು

ಜಾಗ ಸರಿ ಇದ್ದರೂ ಬರೆದ ರೀತಿಯಿಂದ ಕೆಲಸ ನಿಂತುಹೋಗುವುದಿದೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಮೊದಲು 'ಹಾಯ್ ಸರ್' ಅಂತ ಕಳಿಸುತ್ತೇವೆ, ಅವರು 'ಹೇಳಿ' ಅನ್ನುವ ತನಕ ಕಾಯುತ್ತೇವೆ. ಇದರ ಹಿಂದೆ ಇರುವುದು ಮರ್ಯಾದೆ. ಹಿರಿಯರ ಕ್ಯಾಬಿನ್ ಬಾಗಿಲಲ್ಲಿ ನಿಂತು ಒಳಗೆ ಬರಲಾ ಅಂತ ಕೇಳುವವರು ನಾವು. ಆದರೆ ಚಾಟ್‌ನಲ್ಲಿ ಅವರಿಗೆ ಕಾಣುವುದು ಒಂದು 'ಹಾಯ್' ಮಾತ್ರ. ಎಷ್ಟು ಅವಸರ, ಏನು ವಿಷಯ, ಈಗಲೇ ನೋಡಬೇಕಾ, ಏನೂ ಗೊತ್ತಾಗುವುದಿಲ್ಲ. ಅವರು 'ಹೇಳಿ' ಅನ್ನುವ ಹೊತ್ತಿಗೆ ನೀವು ಊಟಕ್ಕೆ ಹೋಗಿರುತ್ತೀರಿ.

ನಮಸ್ಕಾರವನ್ನು ಬಿಡಬೇಕಾಗಿಲ್ಲ, ಪ್ರಶ್ನೆಯನ್ನು ಅದರ ಜೊತೆಗೇ ಕಳಿಸಿದರೆ ಸಾಕು. ಹೀಗೆ: 'ನಮಸ್ಕಾರ ಮೇಡಂ, ಜೂನ್ ತಿಂಗಳ ಬಿಲ್ಲಿನಲ್ಲಿ ಜಿಎಸ್‌ಟಿ ಮೊತ್ತ ಎರಡು ಕಡೆ ಬೇರೆ ಬೇರೆ ಬರುತ್ತಿದೆ. ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಯಾವುದನ್ನು ಸರಿ ಅಂತ ತೆಗೆದುಕೊಳ್ಳಲಿ? ಇವತ್ತು ಸಂಜೆ ಐದರ ಒಳಗೆ ತಿಳಿಸಿದರೆ ಸಾಕು.' ಇದರಲ್ಲಿ ಮರ್ಯಾದೆ ಇದೆ, ತೊಂದರೆ ಇದೆ, ಸಾಕ್ಷಿ ಇದೆ, ಗಡುವೂ ಇದೆ. ಅವರು ಮೀಟಿಂಗಿನ ಮಧ್ಯೆಯೇ ಒಂದು ಸಾಲಿನಲ್ಲಿ ಉತ್ತರ ಕೊಟ್ಟುಬಿಡಬಹುದು. ಇದನ್ನು ನಾಲ್ಕು ತುಂಡು ಮಾಡಿ ನಾಲ್ಕು ಮೆಸೇಜ್ ಕಳಿಸಬೇಡಿ, ಅವರ ಫೋನು ನಾಲ್ಕು ಸಲ ಕೂಗುತ್ತದೆ. ಕಂಪ್ಯೂಟರಿನಲ್ಲಿ ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಮೆಸೇಜ್ ಹೋಗದೆ ಕೆಳಗಿನ ಸಾಲಿಗೆ ಬರುತ್ತದೆ.

ಉತ್ತರ ಕೊಡುವ ಕಡೆಯೂ ಒಂದು ಸೌಲಭ್ಯ ಇದೆ. ಬಹಳ ಟೀಮುಗಳಲ್ಲಿ ಕಣ್ಣಿನ ಇಮೋಜಿ ಅಂದರೆ 'ನೋಡುತ್ತಿದ್ದೇನೆ', ಟಿಕ್ ಅಂದರೆ 'ಮುಗಿಯಿತು'. ಇಪ್ಪತ್ತು ಜನ 'ಓಕೆ' ಅಂತ ಬರೆಯುವ ಬದಲು ಒಂದೊಂದು ಹೆಬ್ಬೆರಳು ಸಾಕು. ನಿಮ್ಮ ಟೀಮಿನಲ್ಲಿ ಯಾವುದಕ್ಕೆ ಏನರ್ಥ ಅಂತ ಸೇರಿದ ವಾರವೇ ಕೇಳಿ ತಿಳಿದುಕೊಳ್ಳಿ.

## ಅಲ್ಲಿ ಈಗ ಎಷ್ಟು ಗಂಟೆ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಟೀಮಿನ ಜೊತೆ ಕೆಲಸ ಮಾಡುವವರು ಸಾವಿರಾರು. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಹಿಂದಿದೆ. ನಮ್ಮ ಬೆಳಿಗ್ಗೆ ಹನ್ನೊಂದೂವರೆ ಅವರ ಹಿಂದಿನ ರಾತ್ರಿ ಹತ್ತು ಅಥವಾ ಹನ್ನೊಂದು. ನೀವು ಸಹಜವಾಗಿ ಕಳಿಸಿದ ಪ್ರಶ್ನೆ ಅವರ ಹಾಸಿಗೆಯ ಪಕ್ಕ ಸದ್ದು ಮಾಡಬಹುದು. ಅವರ ಮಧ್ಯಾಹ್ನದ ಪ್ರಶ್ನೆ ನಿಮ್ಮ ನಿದ್ದೆ ಕೆಡಿಸಬಹುದು.

ಸ್ಲ್ಯಾಕ್, ಟೀಮ್ಸ್ ಎರಡರಲ್ಲೂ ಮೆಸೇಜನ್ನು ಈಗ ಬರೆದು ಬೇರೆ ಹೊತ್ತಿಗೆ ಹೋಗುವಂತೆ ಇಡಬಹುದು. ಸ್ಲ್ಯಾಕಿನಲ್ಲಿ ಕಳಿಸುವ ಗುಂಡಿಯ ಪಕ್ಕದ ಬಾಣ ಒತ್ತಿದರೆ ಆಯ್ಕೆ ಬರುತ್ತದೆ. ಟೀಮ್ಸ್ ಚಾಟ್‌ನಲ್ಲಿ ಕಳಿಸುವ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಬೇಕು. ರಾತ್ರಿ ಹನ್ನೊಂದಕ್ಕೆ ನೆನಪಾದದ್ದನ್ನು ಬೆಳಿಗ್ಗೆ ಹತ್ತಕ್ಕೆ ಇಡುವುದು ಮ್ಯಾನೇಜರ್‌ಗಳು ಕಲಿಯಲೇಬೇಕಾದದ್ದು. 'ನಾಳೆ ನೋಡಿದರೆ ಸಾಕು' ಅಂತ ಅವರು ಬರೆದರೂ ಕೈಕೆಳಗಿನವರು ಆಗಲೇ ಲ್ಯಾಪ್‌ಟಾಪ್ ತೆರೆದಿರುತ್ತಾರೆ.

## ತಪ್ಪು ಜಾಗದಲ್ಲಿ ಹಾಕಿಬಿಟ್ಟರೆ?

ಗಾಬರಿ ಬೇಡ. ಮೆಸೇಜಿನ ಮೆನುವಿನಲ್ಲಿ ಲಿಂಕ್ ಕಾಪಿ ಮಾಡುವ ಆಯ್ಕೆ ಇರುತ್ತದೆ. ಆ ಲಿಂಕನ್ನು ಸರಿಯಾದ ಚಾನೆಲ್ಲಿನಲ್ಲಿ ಹಾಕಿ, ಹಳೆಯ ಜಾಗದಲ್ಲಿ 'ಮುಂದಿನ ಮಾತು ಆ ಚಾನೆಲ್ಲಿನಲ್ಲಿ' ಅಂತ ಒಂದು ಸಾಲು ಬರೆದರೆ ಆಯಿತು. ಡಿಎಂನಲ್ಲಿ ಬಂದ ಒಳ್ಳೆಯ ಪ್ರಶ್ನೆಯಾದರೆ ಲಿಂಕ್ ಹಾಕಬೇಡಿ, ಬೇರೆಯವರಿಗೆ ಅದು ತೆರೆಯುವುದಿಲ್ಲ. 'ಇದು ಇನ್ನೂ ಕೆಲವರಿಗೆ ಬೇಕಾಗಬಹುದು, ಚಾನೆಲ್ಲಿನಲ್ಲಿ ಕೇಳಿ, ಅಲ್ಲೇ ಉತ್ತರ ಕೊಡ್ತೀನಿ' ಅಂತ ಮೆತ್ತಗೆ ಹೇಳಿ, ಅವರು ಕೇಳಿದ ಕೂಡಲೇ ಅಲ್ಲಿ ಹೋಗಿ ಉತ್ತರ ಕೊಡಿ.

ಸ್ಲ್ಯಾಕಿನ ಉಚಿತ ಆವೃತ್ತಿ ಬಳಸುವ ಸಣ್ಣ ಸಂಸ್ಥೆಗಳು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಕಳೆದ 90 ದಿನಗಳ ಮಾತು ಮಾತ್ರ ಕಾಣುತ್ತದೆ, ಒಂದು ವರ್ಷಕ್ಕಿಂತ ಹಳೆಯದು ಅಳಿಸಿಯೇ ಹೋಗುತ್ತದೆ. ಆದ್ದರಿಂದ ಪಾಸ್‌ವರ್ಡ್ ಬದಲಾಯಿಸುವ ಕ್ರಮ, ಗ್ರಾಹಕರ ಜೊತೆ ಮಾತಾಡಿ ಒಪ್ಪಿದ ದರ, ಯಾರು ಯಾವ ಕೆಲಸಕ್ಕೆ ಜವಾಬ್ದಾರರು ಅನ್ನುವ ಪಟ್ಟಿ, ಇಂಥವನ್ನು ಚಾನೆಲ್ಲಿನಲ್ಲಿ ಹೇಳಿದ ಮೇಲೆ ಗೂಗಲ್ ಡಾಕ್ಸ್‌ನಂಥ ಜಾಗದಲ್ಲೂ ಬರೆದಿಟ್ಟು ಅದರ ಲಿಂಕನ್ನು ಚಾನೆಲ್ಲಿನ ಮೇಲ್ಭಾಗದಲ್ಲಿ ಪಿನ್ ಮಾಡಿ.